ಇಬ್ಬರ ಅಂಗಿ

ಲಂಬು ತೀರಿಕೊಂಡ ಸುದ್ದಿ ಬಂದ ದಿನವೇ ಕಾಲೇಜಿನ ಕೋಚ್ ಮೇಡಂ ಏಳನೇ ನಂಬರಿನ ಹಳೆಯ ಅಂಗಿಯನ್ನು ತಂದು, ಅವನ ಜೊತೆ ಆಡಿದ್ದ ಮುದುಕನ ತೊಡೆಯ ಮೇಲಿಟ್ಟರು. ಮೊಟ್ಟಮೊದಲ ಬ್ಯಾಸ್ಕೆಟ್‌ಬಾಲ್ ತಂಡದ ನೆನಪಿಗೆ ಅದನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕುವವರಿದ್ದರು. "ತಾತ, ಮೊದಲ ಪಂದ್ಯ ಗೆಲ್ಲಿಸಿದ್ದು ಏಳನೇ ನಂಬರಂತೆ. ಅದು ನೀವಾ, ಅವರಾ? ಕೆಳಗೆ ಹೆಸರು ಬರೀಬೇಕು."

ಆಗ ತಂಡಕ್ಕಿದ್ದದ್ದು ಐದೇ ಅಂಗಿ, ಆಟಗಾರರು ಆರು ಜನ. ಹೊರಬಂದವನು ಬೆವರಿನಲ್ಲಿ ತೊಯ್ದ ಅಂಗಿ ಕಳಚಿ ಒಳಹೋಗುವವನಿಗೆ ಕೊಡುತ್ತಿದ್ದ. ಏಳನೇ ನಂಬರು ಅವರಿಬ್ಬರದು. ಕೊನೆಯ ಗಳಿಗೆಯ ಆ ಚೆಂಡು ಹಾಕಿದ್ದು ನಾನೇ ಎಂದು ಇಬ್ಬರೂ ಜೀವಮಾನವಿಡೀ ಜಗಳವಾಡಿದ್ದರು. "ಲೋ, ನೀನಾಗ ಬೆಂಚಿನ ಮೇಲೆ ಬರಿಮೈಯಲ್ಲಿ ನಡುಗ್ತಾ ಕೂತಿದ್ದೆ ಕಣೋ," ಎಂದು ಲಂಬು ಮೊನ್ನೆಯೂ ಫೋನಿನಲ್ಲಿ ಅಣಕಿಸಿದ್ದ.

ಈಗ ಅಲ್ಲವೆನ್ನುವವರು ಯಾರೂ ಇರಲಿಲ್ಲ. "ನಾನೇ" ಎನ್ನಲು ಮುದುಕ ಬಾಯಿ ತೆರೆದ. ಅಂಗೈಯಲ್ಲಿ ಚೆಂಡಿನ ಬಿಸಿ ನೆನಪಿತ್ತು, ಬರಿಬೆನ್ನಿಗೆ ಕೊರೆದ ಚಳಿಯೂ ನೆನಪಿತ್ತು. ಯಾವುದು ಆ ಗಳಿಗೆಯದು?

"ಗೊತ್ತಾಗ್ತಿಲ್ಲಮ್ಮ. ಅವನು ಜಗಳಕ್ಕೆ ಬಂದರೆ ತಾನೆ ನನಗೆ ನೆನಪಾಗೋದು! ಅವನ ಹೆಸರೇ ಬರಿ. ಇಲ್ಲದಿದ್ರೆ ಅಲ್ಲೂ ಒದ್ದಾಡ್ತಾನೆ."

ಮುದುಕ ಅಂಗಿಯನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದ. "ದೇವರೇ, ಆ ಚೆಂಡು ಅವನದೇ ಆಗಿರಲಿ. ಅವನ ಜೀವಕ್ಕೆ ಶಾಂತಿ ಕೊಡಪ್ಪಾ."