ಅಳತೆಗೆ ಹಾಸಿದ ಕಲ್ಲು

ಕೊನೆಯ ಕಲ್ಲಿನ ಮೇಲೆ ನಿಂತು ದರ್ಜಿ ಎರಡು ಸಲ ಕುಪ್ಪಳಿಸಿದ. ಕಲ್ಲು ಮಿಸುಕಲಿಲ್ಲ. ಕೊರಳಲ್ಲಿ ಅಳತೆಯ ಟೇಪು, ಮೀಸೆಯಲ್ಲಿ ಮರಳು. ಅಡುಗೆಮನೆಯ ಹಿಂಬಾಗಿಲಿನಿಂದ ತರಕಾರಿ ಮಡಿಯವರೆಗೆ ಪೇವರ್ ಕಲ್ಲುಗಳು ಹೊಸ ಅಂಗಿಯ ಗುಂಡಿಗಳ ಹಾಗೆ ನಡುನಡುವೆ ಸಂದಿ ಬಿಟ್ಟು ಒಂದರ ಹಿಂದೊಂದು ನೆಟ್ಟಗೆ ಕೂತಿದ್ದವು. ಮಣ್ಣು ತೆಗೆದವನು ಅವನೇ, ಜಲ್ಲಿ ಸುರಿದು ಗುದ್ದಿ ಗಟ್ಟಿ ಮಾಡಿದವನೂ ಅವನೇ. ಸಾಲು ಹಿಡಿಯಲು ಕಟ್ಟಿದ್ದು ಕೂಡ ಅಂಗಡಿಯ ಹೊಲಿಗೆ ದಾರ, ನಾಲ್ಕೆಳೆ ಹುರಿ ಮಾಡಿ.

"ಟೈಲರ್ರೇ, ಕಲ್ಲಿಗೆ ಕಾಜಾ ಯಾವಾಗ ಹಾಕ್ತೀರಿ?" ಪಕ್ಕದ ಮನೆಯ ಮೇಸ್ತ್ರಿ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದ. ಕೆಲಸ ತನಗೆ ಸಿಗಲಿಲ್ಲವೆಂಬ ಉರಿ ಅವನಿಗೆ ತುಸು ಇತ್ತು.

"ಬಂದು ಹತ್ತಿ ನೋಡು ಮೇಸ್ತ್ರಿ. ಒಂದೇ ಒಂದು ಕಲ್ಲು ಅಲ್ಲಾಡಿದ್ರೂ ನಿನಗೊಂದು ಪ್ಯಾಂಟು ಬಿಟ್ಟಿ."

ಮೇಸ್ತ್ರಿ ಬಂದ. ಪ್ರತಿ ಕಲ್ಲನ್ನೂ ಹತ್ತಿದ, ತುಳಿದ, ಹಿಮ್ಮಡಿಯಿಂದ ಒದ್ದ. ಕೊನೆಗೆ ಗದ್ದ ತುರಿಸಿಕೊಂಡು, "ಪ್ಯಾಂಟು ಹೋಯ್ತು ಬಿಡಿ," ಅಂದ.

ಹಿಂದಿನ ಮಳೆಗಾಲದಲ್ಲಿ ಇದೇ ಇಳಿಜಾರಿನ ಕೆಸರಲ್ಲಿ ದರ್ಜಿಯ ಹೆಂಡತಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ನಡೆಯುವುದೇ ಔಷಧ ಎಂದು ಡಾಕ್ಟರು ಹೇಳಿದರೂ ಅವಳ ಕಾಲು ಹಿಂಬಾಗಿಲ ಹೊಸ್ತಿಲು ದಾಟಲಿಲ್ಲ. ಅವಳು ಬೆಳೆಸಿದ ಟೊಮೆಟೊ, ಬೀನ್ಸು ಗಂಡನ ಕೈಯಲ್ಲಿ ಅತಿಯಾಗಿ ನೀರು ಕುಡಿದು ಅರ್ಧಕ್ಕರ್ಧ ಕೊಳೆತವು. ಹೊಸ್ತಿಲಲ್ಲಿ ಕೂತು ಅವಳು ದೂರದಿಂದಲೇ ಮಡಿಯನ್ನು ನೋಡುವುದು ಅವನಿಗೆ ಉಗುರಿನ ಸಂದಿಗೆ ಸೂಜಿ ಹೋದ ಹಾಗಾಗುತ್ತಿತ್ತು. ಕಲ್ಲಿಡುವವನು ಒಬ್ಬ, ನಡೆಸುವವನು ಇನ್ನೊಬ್ಬ ಎಂಬುದು ಅವನಿಗೆ ಗೊತ್ತಿತ್ತು. ಮೊದಲ ಕಲ್ಲು ಇಡುವಾಗ ಕಣ್ಣು ಮುಚ್ಚಿ, "ಇವಳನ್ನ ನಡೆಸಪ್ಪಾ," ಎಂದಷ್ಟೇ ಕೇಳಿಕೊಂಡಿದ್ದ.

"ಬಾರೇ," ಎಂದು ಈಗ ಕೂಗಿದ. "ಆನೆ ನಡೆದ್ರೂ ಅಲ್ಲಾಡಲ್ಲ!"

ಅವಳು ಕೋಲೂರಿ ಮೊದಲ ಕಲ್ಲಿಗೆ ಇಳಿದಳು. ಎರಡನೆಯದರತ್ತ ಕಾಲು ಚಾಚಿದಳು. ಬೆರಳು ಕಲ್ಲಿನ ಅಂಚು ಮುಟ್ಟುವ ಮೊದಲೇ ಪಾದ ನಡುವಿನ ಸಡಿಲ ಮಣ್ಣಿಗಿಳಿದು ಮೈ ವಾಲಿತು. ಅವನು ಓಡಿ ಬಂದು ತೋಳು ಹಿಡಿದ. ಅವಳು ಹೊಸ್ತಿಲಿಗೆ ಮರಳಿ ಕೂತು ಉಸಿರು ಸಮ ಮಾಡಿಕೊಂಡಳು.

"ಆನೆ ನಡೆಯುತ್ತೆ ರೀ. ಅದರ ಕಾಲು ಉದ್ದ."

"ಅಂದ್ರೆ?"

"ಅಂದ್ರೆ ಇದು ನಿಮ್ಮ ಹೆಜ್ಜೆ. ಬೀದೀಲಿ ಮುಂದೆ ಮುಂದೆ ಹೋಗಿ, ತಿರುವಲ್ಲಿ ನಿಂತು 'ಬೇಗ ಬಾ' ಅಂತೀರಲ್ಲ, ಆ ಹೆಜ್ಜೆ. ಊರೋರಿಗೆಲ್ಲ ಅಳತೆ ತೆಗೆದು ಹೊಲೀತೀರಿ. ನನಗೆ ಮಾತ್ರ ನಿಮ್ಮ ಅಂಗಿ ತೊಡಿಸಿದ್ರಿ."

ಮೇಸ್ತ್ರಿ ಕಿಸಕ್ಕನೆ ನಕ್ಕ. "ಸಂದಿಗೆಲ್ಲ ಕಾಂಕ್ರೀಟ್ ಸುರಿದುಬಿಡೋಣ. ನಾಳೆ ಬರ್ಲಾ?"

ದರ್ಜಿ ಕೊರಳಿನ ಟೇಪನ್ನೊಮ್ಮೆ ಮುಟ್ಟಿ ನೋಡಿಕೊಂಡ. ಬಟ್ಟೆ ಹಿಡಿಸದಿದ್ದರೆ ತೊಟ್ಟವರ ಮೈಯನ್ನು ಬೈಯುವ ಕಸುಬು ಅವನದಲ್ಲ.

"ಬೇಡ ಮೇಸ್ತ್ರಿ. ಹೊಲಿಗೆ ಬಿಚ್ಚೋದು ನನಗೇನು ಹೊಸದಾ?" ಎನ್ನುತ್ತ ಹಾರೆ ಎತ್ತಿಕೊಂಡ.

ಕಲ್ಲುಗಳೆಲ್ಲ ಎದ್ದು ಗೋಡೆಗೊರಗಿದವು. ಅಲ್ಲಿ ಆಗಲೇ ಇನ್ನೊಂದು ರಾಶಿಯಿತ್ತು; ಬಟ್ಟೆ ಸಾಲದೆ ಹೋದೀತೆಂದು ಯಾವಾಗಲೂ ತುಸು ಹೆಚ್ಚಿಗೆ ತರಿಸುವವನು ಕಲ್ಲನ್ನೂ ಹಾಗೇ ತರಿಸಿದ್ದ. ದಾರಿಯುದ್ದ ಮರಳು ಹರಡಿ, ನೀರು ಚಿಮುಕಿಸಿ, ಅಂಗೈಯಿಂದ ಸವರಿದ. ಆಮೇಲೆ ಹೆಂಡತಿಯ ಎದುರು ನಿಂತು ಅವಳ ಎರಡೂ ಕೈಗಳನ್ನು ತನ್ನ ಹೆಗಲ ಮೇಲಿರಿಸಿಕೊಂಡ. ಮರಳು ತುಳಿಯದಂತೆ ಕಾಲು ಅಗಲಿಸಿ, ಹಿಂದು ಹಿಂದಕ್ಕೆ ಸರಿಯತೊಡಗಿದ.

"ನಡಿ. ನೆಲ ನೋಡಬೇಡ, ನನ್ನ ಮುಖ ನೋಡು."

"ಮೀಸೇಲಿ ಮರಳಿದೆ."

"ಅದನ್ನೇ ನೋಡು. ಅಳತೆ ಕೊಡುವಾಗ ಮೈ ಬಿಗಿ ಹಿಡೀಬಾರದು. ಉಸಿರು ಬಿಡು."

"ಗಿರಾಕಿಗಳಿಗೂ ಹೀಗೇ ಗದರ್ತೀರಾ?"

"ಗಿರಾಕಿಗಳು ಇಷ್ಟು ಮಾತಾಡಲ್ಲ."

ಒದ್ದೆ ಮರಳಿನಲ್ಲಿ ಗುರುತು ಮೂಡುತ್ತ ಬಂದವು. ಬಲಗಾಲಿನದು ಆಳ. ಎಡಗಾಲಿನದು ಹಗುರ, ತುಸು ಹೊರಕ್ಕೆ ತಿರುಗಿದ್ದು. ಮೇಸ್ತ್ರಿ ನಗುವುದನ್ನು ಮರೆತು ನೋಡುತ್ತ ನಿಂತ. ಇದ್ದಕ್ಕಿದ್ದಂತೆ ಅವಳು ನಿಂತುಬಿಟ್ಟಳು. ಗಂಡನ ಹೆಗಲಾಚೆ, ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ, ಬೀನ್ಸಿನ ಬಳ್ಳಿ ಅಲ್ಲಾಡುತ್ತಿತ್ತು.

"ರೀ, ಬಂದೇಬಿಟ್ಟೆನಲ್ಲ!" ಬಳ್ಳಿಯ ಎಲೆಯೊಂದನ್ನು ಬೆರಳಿನಿಂದ ಎತ್ತಿ ನೋಡಿದಳು. "ಇನ್ನು ಕಲ್ಲು ಯಾಕೆ?"

"ನಾಳೆ ಬರೋದಕ್ಕೆ," ಎಂದವನು ಮುಖ ಆಚೆ ತಿರುಗಿಸಿ, ಮೀಸೆಯ ಮರಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡ.

ಗುರುತಿಗೊಂದರಂತೆ ಕಲ್ಲು ಕೂತವು. ಈ ಸಲ ಸಾಲು ನೆಟ್ಟಗಿರಲಿಲ್ಲ. ಎಡಕ್ಕೊಂದು ಬಲಕ್ಕೊಂದು ಓಲಾಡುತ್ತ, ಒತ್ತೊತ್ತಾಗಿ ಮಡಿಯವರೆಗೆ ಹೋಗಿತ್ತು. ಗಟ್ಟಿತನ ಮಾತ್ರ ಮೊದಲಿನದೇ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಕಾಂಪೌಂಡಿನ ಹತ್ತಿರ ಬಂದ ಮೇಸ್ತ್ರಿಗೆ ವಿಚಿತ್ರ ಕಂಡಿತು. ಮುಂದೆ ಬುಟ್ಟಿ ಹಿಡಿದ ಹೆಂಡತಿ. ಅವಳ ಹಿಂದೆ, ದಾರಿಯಲ್ಲಿ ಯಾರಿಗೂ ಸಿಗದಂತೆ ದಾಪುಗಾಲಿಡುವ ದರ್ಜಿ, ಮಗುವಿನಂತೆ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಿದ್ದ.

"ಏನ್ ಟೈಲರ್ರೇ, ನಿಮಗೂ ಕಾಲು ನೋವಾ?"

ದಾರಿಯ ನಡುವೆ ಅವಳು ಸುಧಾರಿಸಿಕೊಳ್ಳಲು ನಿಂತಿದ್ದಳು. ಹಿಂದಿನ ಕಲ್ಲಿನ ಮೇಲೆ ಆ ಎತ್ತರದ ಮನುಷ್ಯ, ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದು, ಮುಂದಿನ ಕಲ್ಲು ಖಾಲಿಯಾಗುವವರೆಗೆ ಕೊಕ್ಕರೆಯ ಹಾಗೆ ಒಂದು ಕಾಲೆತ್ತಿಕೊಂಡು ಕಾಯುತ್ತಿದ್ದ.