ಭಾರ ಬೀಳುವ ಕಡೆ

ಅಂಟು ಕಲಸಿದ ಮರದ ಪುಡಿಯ ವಾಸನೆ ಅವಳಿಗೆ ಬಾಲ್ಯದ ವಾಸನೆ. ಅಪ್ಪನ ಬಡಗಿ ಮೇಜಿನ ಕೆಳಗೆ ಕೂತೇ ಅವಳು ಅಕ್ಷರ ಕಲಿತದ್ದು. ಈಗ ಅವಳೇ ಮಾಡಿದ ಕುರ್ಚಿಯ ಕಾಲನ್ನು ಅಪ್ಪ ಬೆರಳಿನಿಂದ ಸವರುತ್ತಿದ್ದರು. ಕಣ್ಣು ಮಂಜಾದಾಗಿನಿಂದ ಅವರು ಕೆಲಸ ನೋಡುವುದು ಹಾಗೆಯೇ.

“ಭೇಷ್ ಮಗಳೇ! ಒಂದು ಗೆರೆನೂ ಸಿಗ್ಲಿಲ್ಲ. ನಾಳೆಯಿಂದ ಅಂಗಡಿ ನಿಂದೇ.”

ಈ ಮಾತಿಗಾಗಿ ಅವಳು ಆರು ವರ್ಷ ಕಾದಿದ್ದಳು. ಆದರೆ ಬಿರುಕಿಗೆ ಪುಡಿ ತುಂಬುವುದಕ್ಕೆ ಅಪ್ಪನ ಬಳಿ ಎರಡು ಹೆಸರಿದ್ದವು: ಮೇಜಿನ ಮೇಲ್ಹಲಗೆಯಲ್ಲಾದರೆ ಅದು ನಯಗೆಲಸ, ಭಾರ ಬೀಳುವ ಕಡೆಯಾದರೆ ಮೋಸ.

“ಅಪ್ಪಾ, ನಿಮಗೇ ಟೋಪಿ ಹಾಕ್ದೆ. ಆ ಕಾಲು ಬಿರುಕು ಬಿಟ್ಟಿತ್ತು, ಪುಡಿ ತುಂಬಿ ಮುಚ್ಚಿದ್ದೀನಿ.”

“ಟೋಪಿ ಅನ್ನೋದು ತಮಾಷೆ ಮಾತು ಕಣೇ. ಕೂತೋರು ಬಿದ್ರೆ ಅದಕ್ಕೇನಂತಾರೆ?”

“ಮೋಸ.”

“ಹಾಂ, ಹಾಗೆ ಹೇಳು.”

ಅವಳು ಗರಗಸ ತೆಗೆದು ಆ ಕಾಲನ್ನು ಕೊಯ್ದು ಹಾಕಿದಳು. ಹೊಸ ಕಾಲಿಗೆ ಮರ ಅಳೆಯುವಷ್ಟರಲ್ಲಿ ಬೆನ್ನ ಹಿಂದೆ ಸದ್ದಾಯಿತು. ಯಾರಿಗೂ ಬಿಟ್ಟುಕೊಡದ ತಮ್ಮ ಸ್ಟೂಲನ್ನು ಅಪ್ಪ ಅವಳತ್ತ ಎಳೆದಿದ್ದರು. ಅವಳು ಕೂತ ಮೇಲೆ, ತಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದು, ಡಬ್ಬಿಯನ್ನು ಅವಳ ಕೈಗಿಟ್ಟರು.