ಟವೆಲ್ ಕೆಳಗಿನ ಮಾತು

“ನಿಮ್ ತಾತ ಕಟ್ಕೊಂಡ ಹೆಂಡ್ತೀನೇ ಗುರುತು ಹಿಡೀತಿಲ್ಲ, ಇನ್ನು ಇವ್ರನ್ನ ಹಿಡೀತಾರೇನೇ?” ಭದ್ರಮ್ಮ ಮೊಮ್ಮಗಳನ್ನು ಗದರಿದಳು. ಮಾನಸಾ ಬೆಳಿಗ್ಗೆಯೇ ಅಮೃತೂರಿಗೆ ಹೋಗಿ, ತಾತನ ಹಳೆಯ ಗೆಳೆಯ ಬೆಟ್ಟಸ್ವಾಮಿಯನ್ನು ಗುಬ್ಬಿಗೆ ಕರೆತಂದಿದ್ದಳು.

ಚಿಕ್ಕಹನುಮಯ್ಯ ಮಂಚದ ಮೇಲೆ ಸೂರು ನೋಡುತ್ತ ಮಲಗಿದ್ದ. ಲಕ್ವ ಹೊಡೆದಾಗಿನಿಂದ ಮಾತಿಲ್ಲ. ಎಡಗೈ ಆಡುತ್ತಿತ್ತು, ಆದರೆ ಯಾರು ಕರೆದರೂ ಕಣ್ಣು ಹೊರಳುತ್ತಿರಲಿಲ್ಲ. ಗಂಡ ಒಳಗೆ ಇದ್ದಾನೋ ಇಲ್ಲವೋ ಎಂಬುದೊಂದೇ ಭದ್ರಮ್ಮನ ಸಂಕಟ.

ತುಮಕೂರಿನಲ್ಲಿ ಪ್ರಾಣಿಶಾಸ್ತ್ರ ಓದುವ ಮಾನಸಾಳಿಗೆ ಈ ಹುಚ್ಚು ಹಿಡಿಸಿದ್ದು ಅವಳ ಓದೇ. “ಸಮುದ್ರದಲ್ಲಿ ಕಟಲ್‌ಫಿಶ್ ಅಂತ ಎಂಟು ತೋಳಿನ ಪ್ರಾಣಿ ಇದೆ ಅಜ್ಜಿ. ತೋಳು ಆಡಿಸಿ ಸನ್ನೆ ಮಾಡುತ್ತೆ. ಅದಕ್ಕೆ ಆ ಸನ್ನೆ ವಿಡಿಯೊ ತೋರಿಸಿದ್ರೆ ತಿರುಗಿ ತೋಳಾಡ್ಸುತ್ತೆ! ಹಳೇ ಗುಹೆ ಗೋಡೆಗಳ ಮೇಲೂ ಬೆರಳು ಮಡಚಿರೋ ಅಂಗೈ ಗುರುತಿವೆ, ಸಾವಿರಾರು ವರ್ಷದ್ದು. ಅವೂ ಏನೋ ಮಾತಿರಬಹುದು ಅಂತಾರೆ. ನಮ್ ತಾತನೂ ಬೆರಳಲ್ಲೇ ತಾನೆ ಮಾತಾಡ್ತಿದ್ದಿದ್ದು?”

ಅದಂತೂ ನಿಜ. ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಂತಿದ್ದ ಈ ದನದ ದಲ್ಲಾಳಿ, ಸಿದ್ಧಗಂಗೆಯ ದನಗಳ ಪರಿಷೆಯಲ್ಲಿ ಮಾತ್ರ ಮಹಾ ವಾಚಾಳಿ, ಅದೂ ಕೈಯಲ್ಲಿ. ಟವೆಲ್ ಮುಚ್ಚಿ, ಎದುರಿನವನ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಸುತ್ತ ನಿಂತವರಿಗೆ ಒಂದೂ ತಿಳಿಯುತ್ತಿರಲಿಲ್ಲ. ಭದ್ರಮ್ಮನಿಗೆ ಆ ಧೂಳು, ಬೇಯುವ ಹುರುಳಿಯ ವಾಸನೆ, ಹೋರಿಗಳ ಕೊರಳ ಗೆಜ್ಜೆ ಎಲ್ಲ ನೆನಪಾಯಿತು. ಎಂಥ ಕಾಲ ಅದು!

ಬೆಟ್ಟಸ್ವಾಮಿ ಹೆಗಲ ಟವೆಲ್ ತೆಗೆದು ಗೆಳೆಯನ ಎಡಗೈ ಮೇಲೆ ಹೊದಿಸಿ, ಒಳಗೆ ತನ್ನ ಕೈ ತೂರಿಸಿದ. “ಆ ಕರೀ ಕೊಂಬಿನ ಹೋರಿ ಜೋಡಿ ನಂಗೆ ಕೊಡ್ಲೇ ಇಲ್ವಲ್ಲೋ. ಈಗ್ಲಾದ್ರೂ ಕೊಡೋ,” ಎಂದು ಬೆಲೆ ಇಳಿಸಿ ಬೆರಳು ಅದುಮಿದ.

ಏನೂ ಆಗಲಿಲ್ಲ. ಮತ್ತೊಮ್ಮೆ ಅದುಮಿದ. ಟವೆಲ್ ಅಲುಗಿತು. ಬೆಟ್ಟಸ್ವಾಮಿ ಹುಬ್ಬು ಗಂಟಿಕ್ಕಿದ.

“ಏನಂತೆ?” ಭದ್ರಮ್ಮ ಮಂಚದ ಹತ್ತಿರ ಬಂದಳು.

“ನನ್ ಕೈ ಕೊಡವ್ಬುಟ್ಟ ಕಣಮ್ಮ! ಆವತ್ತು ಹೇಳಿದ್ ರೇಟೇ ಇವತ್ತೂ ಹೇಳ್ತಾವ್ನೆ. ಒಂದ್ ಬೆರಳೂ ಇಳಿಸಾಕಿಲ್ಲ, ಮೊಂಡ ಮುಂಡೇದು!”

ಭದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು.

“ಹಂಗಾದ್ರೆ ಅವ್ರೇ ಕಣೇ ಮಾನಸಾ,” ಎಂದಳು. “ನಮ್ಮನೆಯವ್ರೇ.”